ಚೋಳರ ಮಂತ್ರಿಯೂ ನಮ್ಮ ಮನೆಯ ಪೇಟವೂ

ಸತ್ಯಕ್ಕೂ ಕಟ್ಟುಕಥೆಗೂ ಇರುವ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತು. ಗೊತ್ತಿರಲೇಬೇಕು! ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಬಣ್ಣದ ಕಾರ್ಖಾನೆಯೊಂದರಲ್ಲಿ ನಾನು ಆಗ ಕ್ವಾಲಿಟಿ ಕಂಟ್ರೋಲ್ ಮ್ಯಾನೇಜರ್. ಡಬ್ಬಿಯ ಮೇಲೆ ‘ಆಕಾಶ ನೀಲಿ’ ಎಂದಿದ್ದರೆ ಒಳಗೂ ಆಕಾಶ ನೀಲಿಯೇ ಇರಬೇಕು. ಇಲ್ಲದಿದ್ದರೆ ನನ್ನ ಮೇಜಿನ ಮೇಲಿನ ಕೆಂಪು ‘ರಿಜೆಕ್ಟೆಡ್’ ಮೊಹರು ಟಪ್ಪೆಂದು ಬೀಳುತ್ತಿತ್ತು. ಇಂಥವನ ಎದುರು ಮನೆಯಲ್ಲೇ ಕೂತು ಒಬ್ಬ ಮನುಷ್ಯ ಇತಿಹಾಸಕ್ಕೆ ತನಗೆ ಬೇಕಾದ ಬಣ್ಣ ಬಳಿಯುತ್ತಾನೆಂದರೆ ಸುಮ್ಮನಿರಲು ಸಾಧ್ಯವೇ? ನೀವೇ ಹೇಳಿ!

ಆ ಮನುಷ್ಯ ವೈದ್ಯನಾಥನ್. ನಮ್ಮದೇ ಕಾಂಪೌಂಡು. ಔಷಧಿ ಕಂಪನಿಯಲ್ಲಿ ಕೆಮಿಸ್ಟ್. ಹುಟ್ಟಿದ್ದು ತಂಜಾವೂರು, ಬೆಳೆದದ್ದು ಬೆಂಗಳೂರಿನ ಹಲಸೂರು. ಹಾಗಾಗಿ ಕನ್ನಡ ನನ್ನಷ್ಟೇ ಸಲೀಸಾಗಿ ಮಾತಾಡುತ್ತಾರೆ, ಓದುತ್ತಾರೆ. (ಈ ಸಂಗತಿ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.)

ಆ ವರ್ಷ ಸಂಕ್ರಾಂತಿಗೆ ದೇವಸ್ಥಾನದ ಹಾಲ್‌ನಲ್ಲಿ ತಮಿಳರೂ ಕನ್ನಡಿಗರೂ ಸೇರಿ ಮಕ್ಕಳಿಂದ ನಾಟಕ ಆಡಿಸುವುದೆಂದು ತೀರ್ಮಾನವಾಯಿತು. ಬರೆದವರು ವೈದ್ಯನಾಥನ್. ಕಥಾನಾಯಕ, ಸಾವಿರ ವರ್ಷದ ಹಿಂದಿನ ಚೋಳ ರಾಜನೊಬ್ಬನ ಮಂತ್ರಿ. ಆ ಮಂತ್ರಿಯ ಹೆಸರು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಇವತ್ತಿಗೂ ನಮ್ಮ ಕಾಂಪೌಂಡಿನಲ್ಲಿ ಜಗಳವಾಗುತ್ತದೆ.

ರಾಜನ ಪಾತ್ರ ವೈದ್ಯನಾಥನ್ ಅವರ ಮಗಳು ನಿಲಾಗೆ. ಮಂತ್ರಿಯ ಪಾತ್ರ ನನ್ನ ಮಗಳು ಅನನ್ಯಳಿಗೆ! ಹಿಂದಿನ ಎರಡು ವರ್ಷವೂ ಅವಳಿಗೆ ಸಿಕ್ಕಿದ್ದು ಮರದ ಪಾತ್ರ. ಹಸಿರು ಕಾಗದ ಸುತ್ತಿಕೊಂಡು ಕೈ ಚಾಚಿ ನಿಲ್ಲುವುದು, ಅಷ್ಟೇ. ಈ ಸಲ ಹದಿನೆಂಟು ಪುಟದ ನಾಟಕ, ಪುಟ ಪುಟದಲ್ಲೂ ಮಂತ್ರಿಯದೇ ಮಾತು. ಮಕ್ಕಳಿಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲೇ ಬರೆದಿದ್ದರು. ಹುಡುಗಿ ಹಲ್ಲುಜ್ಜುವಾಗಲೂ ಡೈಲಾಗ್ ಹೇಳುತ್ತಿದ್ದಳು. ಮನೆಗೆಲಸಕ್ಕೆ ಬರುತ್ತಿದ್ದ ಗ್ರೇಸ್‌ಗೂ ಪಾತ್ರೆ ತೊಳೆಯುತ್ತಾ ತೊಳೆಯುತ್ತಾ ನಾಟಕ ಬಾಯಿಗೆ ಬಂದಿತ್ತು.

ಒಂದು ಭಾನುವಾರ ವೈದ್ಯನಾಥನ್ ನಮ್ಮನ್ನು ಕಾಫಿಗೆ ಕರೆದು ನಾಟಕ ಓದಿದರು. ಮಂತ್ರಿ ಸನ್ಯಾಸಿಯ ವೇಷದಲ್ಲಿ ಶತ್ರುವಿನ ಕೋಟೆ ಹೊಗುತ್ತಾನೆ. ತಲೆ ಆಡಿಸಿದೆ. ಮಂತ್ರಿ ತುಂಬಿದ ಕಾವೇರಿಯನ್ನು ಈಜಿ ದಾಟುತ್ತಾನೆ. ಕಾಫಿ ಕೆಳಗಿಟ್ಟೆ. ನಡುನೀರಿನಲ್ಲಿ ಮಂತ್ರಿ ಮೊಸಳೆಯೊಂದಿಗೆ ಕಾದಾಡಿ, ಅದರ ಬಾಯಿಂದ ರಾಜಮುದ್ರೆಯ ಉಂಗುರವನ್ನು ಕಿತ್ತುಕೊಳ್ಳುತ್ತಾನೆ!

“ರೀ ವೈದ್ಯನಾಥನ್! ಈ ಮೊಸಳೆಗೆ ದಾಖಲೆ ಏನಿದೆ?”

“ಮೊಸಳೆಗೆ ದಾಖಲೆ ಎಲ್ಲಿಂದ ತರೋದು ಸಾರ್? ನಮ್ಮ ಪಾಟಿ ಹೇಳ್ತಿದ್ರು. ಅವರು ಯಾವ್ದೋ ವಾರಪತ್ರಿಕೇಲಿ ಓದಿದ್ರು ಅನ್ಸುತ್ತೆ. ಮಕ್ಕಳ ನಾಟಕ ತಾನೇ?”

“ಮಕ್ಕಳ ನಾಟಕ ಅಂದ್ರೆ ಬಾಯಿಗೆ ಬಂದಿದ್ದು ಹೇಳ್ಬಹುದಾ? ಅಜ್ಜಿ ಹೇಳಿದ್ದೆಲ್ಲ ಹಿಸ್ಟರಿ ಆಗುತ್ತಾ? ಬರವಣಿಗೇಲಿ ತೋರ್ಸಿ, ಒಪ್ಕೋತೀನಿ! ನಮ್ಮ ಮುತ್ತಾತನೂ ಮಂತ್ರಿ ಆಗಿದ್ದೋರೇ, ಮಂತ್ರಿ ಶೇಷಪ್ಪನೋರು. ಅವರ ಪೇಟಾನೇ ನಮ್ಮನೆ ಷೋಕೇಸಲ್ಲಿದೆ. ಪ್ರೂಫ್ ಅಂದ್ರೆ ಅದು!”

ಆ ಪೇಟದ ಬಗ್ಗೆ ಎರಡು ಮಾತು ಹೇಳಲೇಬೇಕು. ಕೆಂಪು ಮಖಮಲ್ಲು, ಸುತ್ತ ಜರಿ, ಮುಂದೆ ಒಂದು ಹಸಿರು ಕಲ್ಲು. ನಂಜನಗೂಡಿನಿಂದ ನೈರೋಬಿಯವರೆಗೆ ಟರ್ಕಿ ಟವೆಲಿನಲ್ಲಿ ಸುತ್ತಿ, ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಊರಿನಲ್ಲಿ ಇಂದಿಗೂ ನಮ್ಮನ್ನು ಮಂತ್ರಿ ಮನೆಯವರು ಎಂದೇ ಕರೆಯುವುದು. ಬಂದ ಅತಿಥಿಗಳಿಗೆಲ್ಲ ಮೊದಲು ಪೇಟದ ದರ್ಶನ, ಆಮೇಲೆ ಉಪ್ಪಿಟ್ಟು.

ಮನೆಗೆ ಬಂದ ಮೇಲೆ ನನ್ನ ಹೆಂಡತಿ ಸುಮನಾ ಕೇಳಿದಳು. “ಅಲ್ರೀ, ನಿಮ್ಮ ಮುತ್ತಾತ ಯಾವ ರಾಜನ ಮಂತ್ರಿ ಅಂತ ಒಂದ್ಸಲನಾದ್ರೂ ವಿಚಾರಿಸಿದೀರಾ?”

“ಹಿರಿಯರ ವಿಷಯದಲ್ಲಿ ಹಂಗೆಲ್ಲ ಅಡ್ಡಪ್ರಶ್ನೆ ಹಾಕ್ಬಾರ್ದು” ಎಂದೆ.

ಮರುದಿನ ಕಾರ್ಖಾನೆಯಿಂದ ಬರುವಾಗ ಸೈಬರ್ ಕೆಫೆಗೆ ನುಗ್ಗಿದೆ. ಮೂರು ಸಂಜೆ ಕೂತು ಆ ಚೋಳ ಮಂತ್ರಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ತಾಮ್ರಶಾಸನವೊಂದು ಇರುವುದು ನಿಜ. ರಾಜ ಅವನಿಗೆ ಭೂಮಿ ಕೊಟ್ಟದ್ದೂ ನಿಜ. ಮೊಸಳೆ? ಎಲ್ಲಿಯೂ ಇಲ್ಲ! ನನಗಾದ ಆನಂದ ಅಷ್ಟಿಷ್ಟಲ್ಲ. ಇತಿಹಾಸವನ್ನು ಕಾಪಾಡುವ ಹೊಣೆ ನನ್ನ ಹೆಗಲೇರಿತೆಂದು ಭಾವಿಸಿ, ಆಫೀಸಿನಿಂದ ಆ ಕೆಂಪು ಮೊಹರನ್ನೇ ಮನೆಗೆ ತಂದೆ. ಸನ್ಯಾಸಿ ವೇಷ: ರಿಜೆಕ್ಟೆಡ್! ಕಾವೇರಿ ಈಜಾಟ: ರಿಜೆಕ್ಟೆಡ್! ಮೊಸಳೆಗೆ ಎರಡು ಸಲ ಹೊಡೆದೆ. ಹದಿನೆಂಟು ಪುಟದಲ್ಲಿ ಕೊನೆಗೆ ಉಳಿದದ್ದು, ಕನ್ನಡದಲ್ಲಿ ಹೇಳುವುದಾದರೆ, ಇಷ್ಟು:

ರಾಜ: ಮಂತ್ರಿಗಳೇ, ನಿಮಗೆ ಭೂಮಿ ದಾನ ಮಾಡಿದ್ದೇನೆ.

ಮಂತ್ರಿ: ಸಂತೋಷ.

ತೆರೆ.

ವೈದ್ಯನಾಥನ್ ಅದನ್ನು ಓದಿದರು. ಹಾಳೆಯನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದೂ ನೋಡಿದರು. ನಂತರ ಬಹಳ ಮೆತ್ತಗೆ, “ಸರಿ ಸಾರ್, ನೀವು ಹೇಳ್ದಂಗೇ ಆಗ್ಲಿ. ಹಬ್ಬದ ಹೊತ್ತಲ್ಲಿ ಮನಸ್ತಾಪ ಬೇಡ” ಎಂದರು. ಗೆದ್ದೆ!

ಮನೆಯಲ್ಲಿ ಮಾತ್ರ ಗೆಲುವಿನ ವಾತಾವರಣ ಇರಲಿಲ್ಲ. “ಅಪ್ಪಾ, ಒನ್ ವರ್ಡ್! ಐ ಹ್ಯಾವ್ ಓನ್ಲಿ ಒನ್ ವರ್ಡ್!” ಎಂದು ಅನನ್ಯ ಬಿಕ್ಕಿ ಬಿಕ್ಕಿ ಅತ್ತಳು. ಮರಕ್ಕಿಂತ ಒಂದು ಮಾತು ಜಾಸ್ತಿಯಿದೆಯಲ್ಲ ಎಂದು ಸಮಾಧಾನ ಹೇಳಹೋದೆ. ರೂಮಿನ ಬಾಗಿಲು ಧಡಾರೆಂದು ಮುಚ್ಚಿತು.

“ಮಗು ಮೂರು ವಾರದಿಂದ ಬಾಯಿಪಾಠ ಮಾಡಿದೆ ಕಣ್ರೀ” ಎಂದಳು ಸುಮನಾ. “ನಿಮಗೆ ಆ ಮಂತ್ರಿ ಏನು ಅನ್ಯಾಯ ಮಾಡಿದ್ದ?” ಅಂದು ರಾತ್ರಿಯ ಸಾರಿಗೆ ಉಪ್ಪೇ ಇರಲಿಲ್ಲ. ಸತ್ಯಕ್ಕಾಗಿ ಅದನ್ನೂ ಉಂಡೆ.

ಒಳಗೊಳಗೇ ಹುಡುಗಿಯ ಮುಖ ನೋಡಿ ಸಂಕಟವಾಗಿದ್ದೂ ಹೌದು. ಅದಕ್ಕೆ ಪರಿಹಾರವಾಗಿ ಮಹತ್ವದ ನಿರ್ಧಾರ ಕೈಗೊಂಡೆ. ಅನನ್ಯ ವೇದಿಕೆಯ ಮೇಲೆ ಹಾಕಿಕೊಳ್ಳುವುದು ಬಾಡಿಗೆ ಕಿರೀಟವಲ್ಲ, ಸಾಕ್ಷಾತ್ ಮಂತ್ರಿ ಶೇಷಪ್ಪನವರ ಪೇಟ! ನಾಟಕ ಹೇಗೂ ಅರ್ಧ ನಿಮಿಷದ್ದು. ಉಳಿದ ಸಮಯದಲ್ಲಿ ‘ದಾಖಲೆಯ ಮಹತ್ವ’ ಎಂಬ ವಿಷಯವಾಗಿ ನನ್ನ ಭಾಷಣ.

ಹಾಲ್ ಕಿಕ್ಕಿರಿದಿತ್ತು. ಊರಿನ ಇನ್ನೊಂದು ತುದಿಯ ಕಸರಾನಿಯಿಂದಲೂ ಬಂದವರಿದ್ದರು. ಶ್ರೀಮಂತರ ಬಡಾವಣೆ ಸ್ಪ್ರಿಂಗ್ ವ್ಯಾಲಿಯಿಂದ ನಮ್ಮ ಎಂ.ಡಿ.ಯೂ ಸಂಸಾರ ಸಮೇತ ಬಂದು ಮೊದಲ ಸಾಲಿನಲ್ಲಿ ಕೂತಿದ್ದರು. ಅವರಿಗೆ ಕನ್ನಡ ಬಾರದು. ನಾನು ಪೇಟವನ್ನು ಎತ್ತಿ ತೋರಿಸಿ, “ಲಿಖಿತ ದಾಖಲೆಯಿಲ್ಲದ್ದು ಇತಿಹಾಸವಲ್ಲ!” ಎಂದು ಎರಡು ಭಾಷೆಯಲ್ಲಿ ಗುಡುಗಿ, ಮಗಳ ತಲೆಗೆ ಅದನ್ನು ತೊಡಿಸಿ ಪಕ್ಕಕ್ಕೆ ನಿಂತೆ.

ರಾಜ ಭೂಮಿ ಕೊಟ್ಟ. ಮಂತ್ರಿ “ಸಂತೋಷ” ಎಂದು ಬಗ್ಗಿ ನಮಸ್ಕರಿಸಿದಳು. ಪೇಟ ಜಾರಿ ಕೆಳಗೆ ಬಿತ್ತು. ಹಳೆಯ ಹೊಲಿಗೆ ಪರ್ರೆಂದು ಬಿಚ್ಚಿ ಒಳಗಿನ ರಟ್ಟು ಹೊರಬಂತು. ರಟ್ಟಿನ ಹಿಂದೆಯೇ, ನಾಲ್ಕು ಮಡಿಕೆ ಮಾಡಿದ ಒಂದು ಹಳದಿ ಕಾಗದ!

“ಅಪ್ಪಾ, ದೇರ್ ಈಸ್ ರೈಟಿಂಗ್!” ಎಂದು ಅನನ್ಯ ಕೂಗಿದಳು.

ರಾಜಾಜ್ಞೆ! ಮುತ್ತಾತ ಪೇಟದಲ್ಲೇ ಬಚ್ಚಿಟ್ಟ ಗುಪ್ತ ಆದೇಶ! ಕನ್ನಡಕ ಸುಮನಾಳ ಬ್ಯಾಗಿನಲ್ಲಿತ್ತು. ಕಾಗದವನ್ನು ವೈದ್ಯನಾಥನ್ ಕೈಗೆ ತುರುಕಿ, ಮೈಕನ್ನೂ ಅವರ ಬಾಯಿಗೆ ಹಿಡಿದೆ. “ಓದ್ರೀ! ಗಟ್ಟಿಯಾಗಿ ಓದಿ!”

ಅವರು ಕಣ್ಣಾಡಿಸಿದರು. ಮೈಕಿನಿಂದ ಮುಖ ಸರಿಸಿ ಪಿಸುಗುಟ್ಟಿದರು. “ಬೇಡ ಸಾರ್. ಮನೇಗೆ ಹೋಗಿ ನಿಧಾನವಾಗಿ ಓದೋಣ.”

“ಯಾಕ್ರೀ ಬೇಡ? ನಮ್ಮ ಮಂತ್ರಿಗೆ ದಾಖಲೆ ಸಿಕ್ತು ಅಂತ ಹೊಟ್ಟೆಕಿಚ್ಚಾ? ಇಂಗ್ಲಿಷಲ್ಲೂ ಹೇಳಿ, ನಮ್ಮ ಎಂ.ಡಿ. ಬಂದಿದಾರೆ!”

ವೈದ್ಯನಾಥನ್ ಒಮ್ಮೆ ದೇವರ ಪಟದ ಕಡೆ ನೋಡಿ ಓದತೊಡಗಿದರು. “ಬನ್ನಿರಿ! ನೋಡಿರಿ! ಆನಂದಿಸಿರಿ! ನಮ್ಮ ನಾಟಕ ಮಂಡಳಿಯ ಕಟ್ಟಕಡೆಯ ಪ್ರಯೋಗ! ಸ್ತ್ರೀಯರಿಗೆ ಪ್ರತ್ಯೇಕ ಸ್ಥಳವುಂಟು. ಪಾತ್ರವರ್ಗ…” ಇಲ್ಲಿ ಅವರ ದನಿ ಇಳಿಯಿತು. “ಮಂತ್ರಿ ಹಾಗೂ ದ್ವಾರಪಾಲಕ: ಶೇಷಪ್ಪ, ನಂಜನಗೂಡು.”

ಹಾಲ್‌ನಲ್ಲಿ ಕನ್ನಡಿಗರು ಗೊಳ್ಳೆಂದು ನಕ್ಕರು. ಆಮೇಲೆ ಅವರು ನನ್ನ ಅಪ್ಪಣೆಯ ಪ್ರಕಾರ ಇಂಗ್ಲಿಷಿನಲ್ಲೂ ಹೇಳಿದರು. ಈಗ ಎಲ್ಲರೂ ಸೇರಿ ಇನ್ನೊಮ್ಮೆ ನಕ್ಕರು. ನಮ್ಮ ಎಂ.ಡಿ. ಕಣ್ಣೊರೆಸಿಕೊಳ್ಳುತ್ತಿದ್ದರು. ಹಿಂದಿನ ಸಾಲಿನಿಂದ ಗ್ರೇಸ್ ಮಾತ್ರ ಕರುಣೆಯಿಂದ “ಪೋಲೆ ಸಾನಾ!” ಎಂದಳು, ಸ್ವಾಹಿಲಿಯಲ್ಲಿ ‘ಅಯ್ಯೋ ಪಾಪ’ ಎಂಬಂತೆ. ಸತ್ತ ಮನೆಯಲ್ಲೂ ಇಲ್ಲಿ ಅದನ್ನೇ ಹೇಳುತ್ತಾರೆ.

ಅಷ್ಟರಲ್ಲಿ ಮುಂದಿನ ಸಾಲಿನ ಅಜ್ಜಿಯೊಬ್ಬರು ಕೇಳಿದರು. “ಅಷ್ಟೇನಾ ನಾಟಕ? ಏನೋ ಮೊಸಳೆ ಬರುತ್ತೆ ಅಂದಿದ್ರು?”

ಅನನ್ಯ ನನ್ನ ಕಡೆ ನೋಡಿದಳು. ನಾನು ರಟ್ಟಿನ ಚೂರು ಹೆಕ್ಕುತ್ತಿದ್ದೆ. ಅವಳು ನಿಲಾಳಿಗೆ ಕಣ್ಣು ಹೊಡೆದು, ಬರಿತಲೆಯಲ್ಲೇ ಎದೆಯುಬ್ಬಿಸಿ, ಮೊದಲ ಪುಟದ ಮೊದಲ ಮಾತಿನಿಂದ ಶುರು ಮಾಡಿಯೇಬಿಟ್ಟಳು! ಹದಿನೆಂಟು ಪುಟ! ಸನ್ಯಾಸಿಯ ವೇಷಕ್ಕೆ ಅರ್ಚಕರ ಶಾಲು. ಕಾವೇರಿಗೆ ಸುಮನಾಳ ನೀಲಿ ದುಪಟ್ಟಾ. ಸುತ್ತಿಟ್ಟ ಚಾಪೆಯೇ ಮೊಸಳೆ. ನಿಲಾ ಒಂದು ಕಡೆ ತಡವರಿಸಿದಾಗ ಗ್ರೇಸ್ ಕೂತಲ್ಲಿಂದಲೇ ಮಾತು ಎತ್ತಿಕೊಟ್ಟಳು. ಉಂಗುರ ಕಿತ್ತುಕೊಂಡಾಗ ಬಿದ್ದ ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು. ನನ್ನ ಮಗಳಿಗೆ ಇಷ್ಟು ದೊಡ್ಡ ದನಿಯಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಹೊಟ್ಟೆಯುರಿದುಕೊಂಡೇ ನಾನೂ ಚಪ್ಪಾಳೆ ತಟ್ಟಿದೆ. ಕಣ್ಣಲ್ಲಿ ನೀರೂ ಬಂತು, ಅದಕ್ಕೆ ದಾಖಲೆಯಿಲ್ಲ.

ಮುಂದಿನ ವರ್ಷದ ನಾಟಕದ ಪಾತ್ರಪಟ್ಟಿಯನ್ನು ವೈದ್ಯನಾಥನ್ ಕಾಂಪೌಂಡಿನ ಗೇಟಿಗೆ ಅಂಟಿಸಿದ್ದರು. ಕೊನೆಯ ಸಾಲಿನಲ್ಲಿ ನನ್ನ ಹೆಸರು! ದ್ವಾರಪಾಲಕ. ಮಾತಿಲ್ಲ. ಮೈಯುರಿದು ಅವರ ಬಾಗಿಲು ಬಡಿದೆ.

“ಏನ್ರೀ ಇದು? ಯಾರನ್ನ ಕೇಳಿ ಹಾಕಿದ್ರಿ?”

“ವಂಶದ ಪಾತ್ರ ಅಲ್ವಾ ಸಾರ್?” ಎಂದರು ಆ ಪುಣ್ಯಾತ್ಮರು, ನಗದೆ. “ಬರವಣಿಗೇಲಿ ದಾಖಲೆ ಬೇರೆ ಇದೆ!”

ಗೊಣಗುತ್ತಲೇ ಅಭ್ಯಾಸಕ್ಕೆ ಹೋದೆ. ಮೊದಲ ರಿಹರ್ಸಲ್‌ನಲ್ಲಿ ಭರ್ಜಿಗೆ ಬದಲು ಪೊರಕೆಯ ಕೋಲು ಹಿಡಿದು ನಿಂತವನ ಬಳಿಗೆ ಅನನ್ಯ ಬಂದಳು. ಈ ಸಲವೂ ಮುಖ್ಯ ಪಾತ್ರ ಅವಳದೇ. ನನ್ನ ಗಲ್ಲ ಹಿಡಿದು ಮೇಲೆತ್ತಿ, ಮೊಣಕೈ ಸರಿಮಾಡಿ, ಬಹಳ ಅಕ್ಕರೆಯಿಂದ ಹೇಳಿಕೊಟ್ಟಳು.

“ಇಟ್ಸ್ ಈಸಿ, ಅಪ್ಪಾ. ಜಸ್ಟ್ ಸ್ಟ್ಯಾಂಡ್ ಲೈಕ್ ಎ ಟ್ರೀ.”