ಕೇಸು ಕೇಸಿಗೆ, ಹುಳ ಹುಳಕ್ಕೆ

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಆ ಗಾದೆ ಕಟ್ಟಿದವನು ಕೋರ್ಟು ನೋಡಿರಲಿಲ್ಲ. ಒಂದೇ ಬಸ್ಸಿನಲ್ಲಿ ಬಂದು, ಒಂದೇ ಬುತ್ತಿ ಬಿಚ್ಚಿ ಉಂಡು, ಕೈ ತೊಳೆದು, ಆಮೇಲೆ ಎದುರುಬದುರು ನಿಂತು ಕೇಸು ನಡೆಸುವ ಜೋಡಿಗಳನ್ನು ನಾನು ಚಿಕ್ಕಬಳ್ಳಾಪುರದಲ್ಲಿ ವಕೀಲರ ಗುಮಾಸ್ತನಾಗಿದ್ದಾಗ ಎಷ್ಟೋ ನೋಡಿದೆ. ಮದುವೆಯ ಹೊಸ ಕಾಯಿದೆ ಬಂದ ಹೊಸತು ಅದು. ಅಂಥ ಒಂದು ಕೇಸಿನ ಪ್ರಸಂಗಗಳು ಇವು. ಇದರಲ್ಲಿ ಹನ್ನೆರಡಾಣೆ ನಿಜ. ಉಳಿದ ನಾಲ್ಕಾಣೆ ಅದಕ್ಕಿಂತ ನಿಜ.

೧. ಅರ್ಜಿ

ಶಿಡ್ಲಘಟ್ಟದ ಕಡೆಯ ಒಬ್ಬ ರೈತ ಬಂದ. ರೇಷ್ಮೆ ಹುಳ ಸಾಕುವವನು. ಒಂದು ಬೆಳೆ ಹುಳ ಪೂರಾ ಸತ್ತಾಗ ಅವನ ತಾಯಿ, "ಇದೆಲ್ಲ ಸೊಸೆ ಕಾಲ್ಗುಣ" ಅಂದುಬಿಟ್ಟಿದ್ದಳು. ಸೊಸೆ ಬಟ್ಟೆಗಂಟು ಕಟ್ಟಿಕೊಂಡು ಗೌರಿಬಿದನೂರಿನ ಹತ್ತಿರದ ತವರಿಗೆ ಹೊರಟುಹೋಗಿದ್ದಳು. ಹೆಂಡತಿ ವಾಪಸು ಬರಲಿ ಅಂತ ಕೋರ್ಟು ಹೇಳಬೇಕು. ಅದು ಅವನ ಅಹವಾಲು.

ನಮ್ಮ ವಕೀಲರು, "ಅರ್ಜಿದಾರನು ಧರ್ಮಪತ್ನಿಯ ಸಾಹಚರ್ಯದಿಂದ ವಂಚಿತನಾಗಿ..." ಎಂದು ಮೂರು ಪುಟ ಹೇಳಿ ಬರೆಸಿದರು. ಓದಿ ತೋರಿಸಿದೆ. ಅವನು ತಲೆ ಕೆರೆದುಕೊಂಡ.

"ಇಷ್ಟೆಲ್ಲ ಯಾಕೆ ಸ್ವಾಮಿ? 'ಬಾ' ಅಂತ ಬರೀರಿ, ಸಾಕು."

ವಕೀಲರಿಗೆ ರೇಗಿತು. "ಬಾ ಅಂತ ನೀನೇ ಹೋಗಿ ಕರೆಯಬಹುದಿತ್ತಲ್ಲಯ್ಯ!"

"ನಾನು ಕರೆದ್ರೆ ಅಮ್ಮ ಬೈತಾಳೆ ಸ್ವಾಮಿ. ಕೋರ್ಟು ಕರೆದ್ರೆ ಅದನ್ನ ಬೈಯೋರು ಯಾರು?"

೨. ಸಮನ್ಸು

ಸಮನ್ಸು ಜಾರಿ ಮಾಡಲು ಅಮೀನ ಹೊರಟ. ಆಕೆಯ ಮನೆ ತೋರಿಸುವ ನೆಪದಲ್ಲಿ ನಾನೂ ಹೊರಟೆ. ಮನೆ ನನಗೂ ಗೊತ್ತಿರಲಿಲ್ಲ. ಆ ಊರಿನ ಕಡಲೆಕಾಯಿ ಚೆನ್ನಾಗಿರುತ್ತದೆಂದು ಮಾತ್ರ ಗೊತ್ತಿತ್ತು.

ಆಕೆಯ ತಂದೆ, "ಯಾವ ಕಾಗದಾನೂ ಮುಟ್ಟಲ್ಲ" ಅಂದ. ಅಮೀನ, "ಮುಟ್ಟದಿದ್ರೆ ಬಾಗಿಲಿಗೆ ಅಂಟಿಸ್ತೀನಿ" ಎಂದು ಗೋಂದು ತೆಗೆದ. ಅಷ್ಟರಲ್ಲಿ ಆಕೆಯೇ ಹೊರಗೆ ಬಂದು, ಅರ್ಜಿಯ ನಕಲು ಇಸಕೊಂಡು, ಕೆಳಗಿದ್ದ ಗಂಡನ ಸಹಿಯನ್ನೇ ನೋಡುತ್ತ ನಿಂತಳು.

"ಇದೇನಣ್ಣ, ಕೈ ಇಷ್ಟು ನಡುಗಿದೆ? ಹೊಟ್ಟೆಗೆ ತಿಂತಾವ್ರೋ ಇಲ್ವೋ?"

ನನ್ನ ನಾಲಗೆ ಸುಮ್ಮನಿರುವುದೇ? "ತಾಯಿ ಕೈ ಅಡುಗೆ ಕಣಮ್ಮ. ಕಣ್ಣು ಮಂಜು. ಒಂದು ದಿನ ಉಪ್ಪು ಎರಡು ಸಲ, ಒಂದು ದಿನ ಇಲ್ಲವೇ ಇಲ್ಲ" ಅಂದೆ.

ಆಕೆ ಸಹಿ ಹಾಕಿ, "ಅತ್ತೆ ಆಡಿದ ಮಾತು ವಾಪಸ್ ತಗೊಳ್ಳಲಿ, ಅವತ್ತೇ ಬರ್ತೀನಿ. ಅಲ್ಲೀವರೆಗೂ ಕೇಸು ನಡೀಲಿ" ಅಂದಳು. ಒಳಗೆ ಹೋಗಿ ಹುಚ್ಚೆಳ್ಳು ಚಟ್ನಿಪುಡಿಯ ಪೊಟ್ಟಣ ತಂದು, "ಅವರಿಗೆ ಕೊಡಿ" ಎಂದು ಅಮೀನನ ಕೈಗಿಟ್ಟಳು.

ಅಮೀನ ಕೋರ್ಟಿಗೆ, "ಸಮನ್ಸು ಜಾರಿಯಾಯಿತು, ಚಟ್ನಿಪುಡಿ ತಲುಪಿಸಲಾಯಿತು" ಎಂದು ವರದಿ ಬರೆದ. ಎರಡನೇ ಮಾತು ಅವನು ಬರೆದದ್ದೋ ನಾನು ಸೇರಿಸಿದ್ದೋ, ಈಗ ಸರಿಯಾಗಿ ಜ್ಞಾಪಕವಿಲ್ಲ.

೩. ಸಾಕ್ಷಿ

ನಮ್ಮ ಕಡೆಯ ಸಾಕ್ಷಿ ಅತ್ತೆ. "ಸೊಸೇನ ಮಗಳ ಥರ ನೋಡ್ಕೊಂಡಿದ್ದೆ ಅನ್ನಬೇಕು, ಅಷ್ಟೇ" ಎಂದು ವಕೀಲರು ಎರಡು ದಿನ ಪಾಠ ಹೇಳಿದ್ದರು. ಸೊಸೆಯ ಕಡೆಗೆ ಚಿಂತಾಮಣಿಯ ವಕೀಲರು; ಆವೇಶ ಬಂದರೆ ತೆಲುಗಿಗೆ ಹಾರುವವರು. ಪಾಟೀಸವಾಲಿಗೆ ಎದ್ದರು.

"ಸೊಸೆ ಕಾಲ್ಗುಣದಿಂದ ಹುಳ ಸತ್ತವು ಅಂದಿರೋ ಇಲ್ಲವೋ?"

ಮುದುಕಿ ಪಾಠ ಮರೆತಳು. "ಅಂದೆ."

"ಆಕೆ ಹೋದ ಮೇಲಿನ ಬೆಳೆ?"

"ಅದೂ ಸತ್ತೋಯ್ತು."

ವಕೀಲರು ಗೌನು ಜಾಡಿಸಿ ಜಡ್ಜರ ಕಡೆ ತಿರುಗಿದರು. "ಸೊಸೆ ಮನೇಲೇ ಇರಲಿಲ್ಲ. ಹಾಗಾದರೆ ಅದು ಯಾರ ಕಾಲ್ಗುಣ? ಚೆಪ್ಪಮ್ಮಾ!"

"ನಿಂದೇ ಕಣಪ್ಪ! ನೀನು ಕಳಿಸಿದ ಜವಾಬಿನ ಕಾಗದ ನಮ್ಮನೆ ಹೊಸಿಲು ದಾಟಿದ ದಿನವೇ ಹುಳ ಸೊಪ್ಪು ತಿನ್ನೋದು ಬಿಟ್ಟವು."

ಜಡ್ಜರು ಫೈಲು ಮುಖಕ್ಕೆ ಅಡ್ಡ ಹಿಡಿದು ಬಹಳ ಹೊತ್ತು ಏನನ್ನೋ ಓದಿದರು. ಫೈಲು ತಲೆಕೆಳಗಾಗಿತ್ತು.

೪. ರಾಜಿ

ತೀರ್ಪಿಗೆ ಮುಂಚೆ ಜಡ್ಜರು ಗಂಡ ಹೆಂಡತಿಯನ್ನು ಎದುರಿಗೆ ಕೂರಿಸಿ ರಾಜಿಗೆ ಪ್ರಯತ್ನಿಸಲೇಬೇಕು. ಅದಕ್ಕೊಂದು ದಿನ ಗೊತ್ತಾಯಿತು. ನಮ್ಮ ರೈತ ಓಡಿಬಂದ.

"ಅಣ್ಣ, ಅವತ್ತೇ ಹುಳ ಹಣ್ಣಾಗ್ತವೆ. ವಾಯಿದೆ ಮುಂದಕ್ಕೆ ಹಾಕ್ಸಿ."

ಹಣ್ಣಾದ ಹುಳ ಗೂಡು ಕಟ್ಟಲು ತವಕಿಸುತ್ತದೆ. ಒಂದೊಂದನ್ನೇ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಬೆಳೆ ಹೋಯಿತು. ಮೂರನೇ ಬೆಳೆಯೂ ಹೋದರೆ ಆ ಸಂಸಾರವೂ ಹೋದಂತೆಯೇ. ನಾನು "ಆಗಲಿ" ಅಂದೆ. ವಕೀಲರಿಗೆ ಮಾತ್ರ ಹೇಳಲಿಲ್ಲ. ಗೌರಿಬಿದನೂರಿನ ಕಡೆಗೆ ಒಂದು ಕಾರ್ಡು ಗೀಚಿದೆ: "ಇಂಥ ದಿನ ಹುಳ ಹಣ್ಣು. ಅತ್ತೆಗೆ ಕಣ್ಣು ಕಾಣದು. ಕೂಲಿಯವರು ಸಿಕ್ಕಿಲ್ಲ." ಸಹಿ ಹಾಕಲಿಲ್ಲ.

ಆ ದಿನ ಕೋರ್ಟಿನಲ್ಲಿ ಮೂರು ಸಲ ಕೂಗಿದರೂ ಗಂಡನಿಲ್ಲ, ಹೆಂಡತಿಯಿಲ್ಲ. ಚಿಂತಾಮಣಿ ವಕೀಲರು ಮೇಜು ಗುದ್ದಿದರು. "ನನ್ನ ಕಕ್ಷಿದಾರಳು ಆ ಮನೆಯ ಹೊಸಿಲು ತುಳಿಯುವ ಮಾತೇ ಇಲ್ಲ!" ನಮ್ಮವರೂ ಗುದ್ದಿದರು. ಜಡ್ಜರು, "ಕಕ್ಷಿದಾರರು ಬರದಿದ್ದರೆ ನಿಮ್ಮಿಬ್ಬರಿಗೇ ರಾಜಿ ಮಾಡಿಸಲೇ? ನಾಳೆ ಅವರನ್ನು ಕರಕೊಂಡು ಬನ್ನಿ" ಅಂದರು.

ಮಧ್ಯಾಹ್ನದ ಬಸ್ಸಿಗೆ ಇಬ್ಬರು ವಕೀಲರೂ ನಾನೂ ಮೊದಲು ರೈತನ ಊರಿಗೆ ಹೊರಟೆವು. ಹೋಗಿ ನೋಡಿದರೆ ಹುಳದ ಮನೆಯಲ್ಲಿ ಸೊಸೆ ಸೆರಗು ಸಿಕ್ಕಿಸಿಕೊಂಡು ಹುಳ ಆರಿಸುತ್ತಿದ್ದಾಳೆ. ಗಂಡ ಚಂದ್ರಿಕೆ ಹೊರುತ್ತಿದ್ದಾನೆ, ಬೈಸಿಕೊಳ್ಳುತ್ತಿದ್ದಾನೆ, ಮುಖ ನೋಡಿದರೆ ಹಬ್ಬ.

"ಏಮಮ್ಮಾ ಇದಿ!" ಎಂದರು ಚಿಂತಾಮಣಿ ವಕೀಲರು.

"ಕೇಸು ಕೇಸಿಗೆ ಸ್ವಾಮಿ, ಹುಳ ಹುಳಕ್ಕೆ. ಮುಗಿಸಿ ಬಂದು ಅಲ್ಲೇ ಜಗಳ ಆಡ್ತೀನಿ."

ವಕೀಲರು ಸಿಟ್ಟಿನಿಂದ ಒಳಗೆ ಕಾಲಿಡಲು ಹೋದರು. ಮೂಲೆಯಿಂದ ಅತ್ತೆ ಚೀರಿದಳು:

"ಏಯ್, ಹೊರಗೆ ನಿಲ್ಲಪ್ಪಾ! ನನ್ನ ಸೊಸೆ ಕಾಲಿಟ್ಟು ಬೆಳೆ ಉಳಿದಿದೆ. ನೀನು ಕಾಲಿಟ್ಟು ಕೆಡಿಸ್ಬೇಡ!"

ಎಲ್ಲರ ಕೈಯೂ ನಿಂತಿತು. ಸೊಸೆ ಮೆಲ್ಲಗೆ ಗಂಡನ ಕಡೆ ತಿರುಗಿದಳು.

"ಕೇಳಿಸ್ತಾ?"

"ಕೇಳಿಸ್ತು."

ಆಕೆ ನನ್ನ ಕಡೆ ನೋಡಿದಳು. "ಅಣ್ಣ, ಬೇಗ ಬರ್ಕೊಳ್ಳಿ. ನಾಳೆ ಅತ್ತೆ ಅಂದೇ ಇಲ್ಲ ಅಂತಾರೆ."

ಜಗಲಿಯ ಮೇಲೆ ಕೂತು ರಾಜಿಪತ್ರ ಬರೆದೆ. ಗಂಡ ಹೆಂಡತಿ ಸಹಿ ಹಾಕಿದರು. ಈ ಸಲ ಅವನ ಕೈ ನಡುಗಲಿಲ್ಲ. ಅತ್ತೆಯ ಹೆಬ್ಬೆಟ್ಟಿಗೆ ಮಸಿ ಹಚ್ಚಿದೆ. ಅವಳು ಒತ್ತದೆ ಹೆಬ್ಬೆಟ್ಟು ಮೇಲೆಯೇ ಹಿಡಿದುಕೊಂಡಳು.

"ಒತ್ತೀನಿ ಕಣಪ್ಪ. ಇನ್ನೊಂದು ಸಾಲು ಸೇರಿಸು. ಇನ್ನು ಮುಂದೆ ಬೆಳೆ ಕೆಟ್ಟರೆ ಅದು ವಕೀಲರ ಕಾಲ್ಗುಣ."

ಸೇರಿಸಿದೆ. ಕೆಳಗೆ ಇಬ್ಬರು ವಕೀಲರೂ ಸಾಕ್ಷಿ ರುಜು ಹಾಕಿದರು.