ಮದ್ದೂರಿನ ಡ್ರಾಯರಿನಲ್ಲಿ ರೈಲಿನ ಚಕ್ರಗಳು

ನಮ್ಮ ಭಾವನವರ ಬೇಸ್‌ಮೆಂಟಿನಲ್ಲಿ ಬಿಡದಿಯಿಂದ ಮೈಸೂರಿಗೆ ಮೂರೇ ಮೊಳ! ನಂಬುವುದಿಲ್ಲವೇ? ಅಮೆರಿಕದ ಟ್ರಾಯ್ ಊರಿಗೆ ಬನ್ನಿ, ಚಪ್ಪಲಿ ಬಿಟ್ಟು ಮೆಟ್ಟಿಲಿಳಿಯಿರಿ. ದೊಡ್ಡ ಹಲಗೆಯೊಂದರ ಮೇಲೆ ಆಟದ ರೈಲು ಓಡುತ್ತಿರುತ್ತದೆ. ಓಡುತ್ತದೆ ಎಂದರೆ, ಅಪರೂಪಕ್ಕೆ. ಉಳಿದ ದಿನವೆಲ್ಲ ರಿಪೇರಿ. ಅದರ ಬಿಡಿಭಾಗಗಳಿಗೆಂದು ಗೋಡೆಯ ತುಂಬ ಪುಟ್ಟ ಪುಟ್ಟ ಪ್ಲಾಸ್ಟಿಕ್ ಡ್ರಾಯರುಗಳು. ಒಂದೊಂದು ಸಾಲಿಗೂ ಒಂದೊಂದು ಸ್ಟೇಷನ್ನಿನ ಹೆಸರು, ಹಳದಿ ಚೀಟಿಯ ಮೇಲೆ, ಕನ್ನಡದಲ್ಲಿ.

ಚಕ್ರಗಳು ಮದ್ದೂರಿನಲ್ಲಿ, ಏಕೆಂದರೆ ವಡೆ ದುಂಡಗಿರುತ್ತದೆ. ವಾಷರುಗಳು ಬಿಡದಿಯಲ್ಲಿ, ತಟ್ಟೆ ಇಡ್ಲಿ ತಿಂದವರಿಗೆ ವಿವರಣೆ ಬೇಡ. ಉಗುರಿನಷ್ಟು ಎತ್ತರದ ಪ್ರಯಾಣಿಕರು ಗೊಂಬೆಗಳ ಲೆಕ್ಕದಲ್ಲಿ ಚನ್ನಪಟ್ಟಣಕ್ಕೆ. ಸೇತುವೆಗಳು ಶ್ರೀರಂಗಪಟ್ಟಣ. ಮತ್ತೆ ಕೆಂಗೇರಿಯಲ್ಲಿ ಏನಿದೆ ಎಂದು ನಾನೊಮ್ಮೆ ಕೇಳಿದ್ದೆ.

"ಏನು ಅಂತ ಗೊತ್ತಿಲ್ದೇ ಇರೋದು, ಆದ್ರೆ ಬಿಸಾಡೋಕೆ ಮನಸ್ಸು ಬರ್ದೇ ಇರೋದು ಎಲ್ಲಾ ಅಲ್ಲಿ ಕಣಮ್ಮಾ."

"ಹಂಗಾದ್ರೆ ನಿಮ್ಮನ್ನೂ ಅಲ್ಲೇ ಇಡ್ಬೇಕಿತ್ತು!" ಎಂದು ಮೇಲಿನಿಂದ ಅಕ್ಕನ ದನಿ.

ಒಂದು ದಸರೆಗೆ ಗೊಂಬೆ ನೋಡಲು ಬಂದವರಿಂದ ಮನೆ ತುಂಬಿತ್ತು. ಮೆಟ್ಟಿಲ ಬುಡದಿಂದ ಭಾವ ಕೂಗಿದರು: "ಚನ್ನಪಟ್ಟಣದಿಂದ ಇನ್ನೂ ನಾಲ್ಕು ಜನ ಬರ್ತಾ ಇದಾರೆ ಕಣೇ, ಜಾಗ ಮಾಡು!" ಪಾಪ, ಪಕ್ಕದ ಮನೆಯ ಆಂಟಿ ತಟ್ಟನೆ ಎದ್ದುಹೋಗಿ ಚಿತ್ರಾನ್ನಕ್ಕೆ ಇನ್ನಷ್ಟು ಅಕ್ಕಿ ತೊಳೆದುಬಿಟ್ಟರು! ಅಂದಿನಿಂದ ಅಕ್ಕನದು ಒಂದೇ ರಾಗ. "ಎಲ್ಲರ ಹಾಗೆ ನೆಟ್ಟಗೆ ಇಂಗ್ಲಿಷಲ್ಲಿ ಬರೆದಿಡ್ರೀ." ಭಾವ ಕೇಳಬೇಕಲ್ಲ! ಒಂದು ವಾಷರ್ ಪಕ್ಕದ ಸ್ಟೇಷನ್ನಿಗೆ ಹಾರಿದರೆ ಊಟ ಬಿಟ್ಟು ಹುಡುಕುವ ಆಸಾಮಿ ಅವರು.

ಇಂಥವರಿಗೆ ಈ ಸೋಮವಾರ ಆನ್ ಆರ್ಬರ್‌ನ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್. ಅಪಾಯ ಸ್ವಲ್ಪ ಹೆಚ್ಚೇ ಇದೆ ಎಂದು ಸರ್ಜನ್ ಹೇಳಿದಾಗ ಅಕ್ಕ ಬಿಳುಚಿಕೊಂಡಳಂತೆ. ಭಾವ ಕೇಳಿದ್ದೇನು ಗೊತ್ತೇ? ಮನೆಗೆ ಬಂದ ಮೇಲೆ ಸಣ್ಣ ಸ್ಕ್ರೂಡ್ರೈವರ್ ಹಿಡಿಯಲು ಎಷ್ಟು ದಿನ ಬೇಕು ಅಂತ! ಸರ್ಜನ್ ನಕ್ಕರಂತೆ. ಅಕ್ಕ ನಗಲಿಲ್ಲ.

ಶನಿವಾರ ಶಾಮ್‌ಬರ್ಗ್‌ನ ನನ್ನ ಮನೆಯಿಂದ ನಾನೊಬ್ಬಳೇ ಡ್ರೈವ್ ಮಾಡಿಕೊಂಡು ಹೊರಟೆ. ಮಧ್ಯಾಹ್ನ ತಲುಪಿದರೆ ಅಕ್ಕ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು.

"ಬೆಳಗ್ಗೆಯಿಂದ ಕೆಳಗಡೇನೇ ಇದಾರೆ ಕಣೇ. ಯಾರೂ ಬರ್ಬೇಡಿ ಅಂತಾರೆ. ಡಾಕ್ಟ್ರು ಮೆಟ್ಲು ಹತ್ತಿ ಇಳಿದು ಮಾಡ್ಬೇಡಿ ಅಂದಿದಾರೆ, ಇವ್ರು ನೋಡಿದ್ರೆ..." ಇಬ್ಬರೂ ಇಳಿದು ಹೋದೆವು.

ಭಾವ ಸ್ಟೂಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಕೈಯಲ್ಲಿ ಲೇಬಲ್ ಮಾಡುವ ಯಂತ್ರ. ಗೋಡೆ ನೋಡಿ ನಾನು ಬೆಪ್ಪಾದೆ. ಮದ್ದೂರಿಲ್ಲ, ಮಂಡ್ಯ ಇಲ್ಲ! ಎಲ್ಲ ಕಡೆ ಬಿಳಿ ಚೀಟಿ, ಅಚ್ಚುಕಟ್ಟಾದ ಇಂಗ್ಲಿಷ್. ಚಕ್ರ ಇದ್ದಲ್ಲಿ ವೀಲ್ಸ್, ಸೇತುವೆ ಇದ್ದಲ್ಲಿ ಬ್ರಿಡ್ಜಸ್. ಕೆಂಗೇರಿಯ ಡ್ರಾಯರುಗಳು ಮಾತ್ರ ಖಾಲಿ.

"ನೋಡಮ್ಮಾ, ನಿಮ್ಮಕ್ಕ ಹೇಳ್ದಂಗೇ ಮಾಡಿದೀನಿ. ಇನ್ಮೇಲೆ ಯಾರು ಬಂದ್ರೂ ಅರ್ಥ ಆಗುತ್ತೆ."

"ಅಂತೂ ಬುದ್ಧಿ ಬಂತಲ್ಲ ಭಾವ!" ಎಂದು ನಾನು ನಕ್ಕೆ. ಅಕ್ಕ ಗೋಡೆಯನ್ನೇ ನೋಡುತ್ತಿದ್ದಳು.

"ಯಾರು ಬಂದ್ರೂ ಅಂದ್ರೆ? ಯಾರು ಬರ್ತಾರೆ?"

ಭಾವ ಕನ್ನಡಕ ತೆಗೆದು ಒರೆಸತೊಡಗಿದರು. "ನಮ್ಮ ರೈಲ್ ಕ್ಲಬ್ಬಿನವರಿಗೆ ಒಂದು ಮಾತು ಹೇಳಿಟ್ಟಿದೀನಿ. ಅಕಸ್ಮಾತ್ ಏನಾದ್ರೂ ಆದ್ರೆ, ನೀನು ಒಂದು ಫೋನ್ ಮಾಡಿದ್ರೆ ಸಾಕು, ಬಂದು ಎಲ್ಲಾ ತಗೊಂಡು ಹೋಗ್ತಾರೆ. ಯಾವುದು ಎಲ್ಲಿದೆ ಅಂತ ನೀನು ಒದ್ದಾಡೋದು ಬೇಡ."

ಅಕ್ಕ ಮುಂದೆ ಹೋಗಿ ಒಂದು ಡ್ರಾಯರ್ ಕಿತ್ತು ಹಲಗೆಯ ಮೇಲೆ ಬೋರಲು ಹಾಕಿದಳು. ಚಕ್ರಗಳು ಉರುಳಿದವು. ಅದರ ಮೇಲೆ ಇನ್ನೊಂದು. ಆಮೇಲೆ ವಾಷರುಗಳು, ಸ್ಕ್ರೂಗಳು, ಪ್ರಯಾಣಿಕರು, ಸೇತುವೆಯ ಕಂಬಗಳು. ತಡೆಯಲು ಹೋದ ನನ್ನ ಕೈಯನ್ನು ಝಾಡಿಸಿದಳು. ಎರಡೂ ಕೈಯಿಂದ ಆ ರಾಶಿಯನ್ನು ಕಲಸಿದಳು, ಅಳುತ್ತ ಕಲಸಿದಳು.

"ಯಾರೂ ಬರ್ಬೇಕಾಗಿಲ್ಲ. ನೀವು ಬನ್ನಿ. ಆಸ್ಪತ್ರೆಯಿಂದ ಬಂದು ಇದನ್ನೆಲ್ಲಾ ನೀವೇ ಜೋಡ್ಸಿ."

ಭಾವ ರಾಶಿಯನ್ನು ನೋಡಿದರು, ಅವಳನ್ನು ನೋಡಿದರು. ಕಣ್ಣು ಒದ್ದೆಯಾಗಿತ್ತು.

"ಇಷ್ಟು ಜೋಡ್ಸೋಕೆ ವರ್ಷಗಟ್ಟಲೆ ಬೇಕು ಕಣೇ," ಎಂದರು.

"ಬೇಕಾಗ್ಲಿ," ಎಂದಳು ಅಕ್ಕ.