ಆಚೆಮನೆಯಿಂದ ಕಂಡ ಹೊಳೆ

ಗೋಡೆಗೆ ಕನ್ನಡಿ ಬೇಕೆಂದು ಸಿಲ್ವೆಟ್ ಹೇಳಿದ್ದಳು. ಅವಳ ಗಂಡ ಅರ್ನೋ ಚಿತ್ರ ತಂದ.

ಅದು ನೂರು ವರ್ಷಕ್ಕೂ ಹಳೆಯ ಚಿತ್ರವೊಂದರ ಅಚ್ಚುಪ್ರತಿ, ಗಾಜಿನ ಚೌಕಟ್ಟು ಹಾಕಿದ್ದು, ಬಾಗಿಲಷ್ಟು ದೊಡ್ಡದು. ಹೊಳೆ, ಹಾಯಿದೋಣಿ, ಮರ ಎಲ್ಲವೂ ಬರೀ ಬಣ್ಣದ ಚುಕ್ಕಿಗಳಲ್ಲಿ.

"ಗೋಡೆಗೆ ಸಿಡುಬು ಎದ್ದಂಗಿದೆ," ಎಂದಳು ಸಿಲ್ವೆಟ್.

"ಹತ್ತಿರ ನಿಂತ್ರೆ ಹಾಗೇ. ಅಂತರ ಬೇಕು, ಅಂತರ." ಅರ್ನೋ ಲಿಯೋನ್ ಪೇಟೆಯಲ್ಲಿ ಕಾರು ಕಲಿಸುವವನು. ದಿನವಿಡೀ ಅವನ ಬಾಯಲ್ಲಿ ಇದೇ ಮಾತು.

"ಸಂಜೆಯೊಳಗೆ ನಂಗೆ ಹೊಳೆ ಕಾಣಿಸ್ಬೇಕು. ಇಲ್ಲಾಂದ್ರೆ ಇದು ನೆಲಮಾಳಿಗೆಗೆ."

"ಕಾಣಿಸದೆ ಎಲ್ಲಿಗೆ ಹೋಗುತ್ತೆ?"

ಹಿಂದೆ ಸರಿದು ನಿಲ್ಲಲು ಜಾಗವಾಗಲೆಂದು ಸೋಫಾ ಅಡುಗೆಮನೆಗೆ ಹೋಯಿತು. ಊಟದ ಮೇಜು ಮಂಚ ಹತ್ತಿತು. ಸದ್ದು ಕೇಳಿ ಕೆಳಮನೆಯ ಬರ್ನಿಯೆ ಬಂದ. ಎದುರು ಗೋಡೆಗೆ ಬೆನ್ನು ಒತ್ತಿ, ಹೊಟ್ಟೆ ಒಳಗೆಳೆದು, ಕಣ್ಣು ಕಿರಿದು ಮಾಡಿ ನೋಡಿದ.

"ಇನ್ನೂ ಸಿಡುಬೇ. ಕಿಟಕಿಯಿಂದಾಚೆ ಬಾಗಿ ನೋಡಿ."

ಅರ್ನೋ ಬಾಗಿದ. ಕಿಟಕಿಯಂಚಿನ ಹೂಕುಂಡ ಮೂರು ಅಂತಸ್ತು ಕೆಳಗಿನ ಅಂಗಳಕ್ಕೆ ಬಿದ್ದು ಚೂರಾಯಿತು. ಅಂಗಳದಾಚೆಯ ಕಿಟಕಿಯಲ್ಲಿ ಮದಾಂ ಒದೀಲ್ ಮುಖ ಹೊರಬಂತು. ಬೈಗುಳ ಕಾದಿದ್ದ ಅರ್ನೋಗೆ ಕೇಳಿಸಿದ್ದೇ ಬೇರೆ.

"ನಿಮ್ಮ ಹೊಳೆ ಎಷ್ಟು ಚೆಂದ ಇದೆ ಮಾರಾಯ್ರೆ. ನೀರು ಮಿಣಮಿಣ ಅಂತಿದೆ."

ಅರ್ನೋ ಹೆಂಡತಿಯ ಕೈ ಹಿಡಿದು ಅಲ್ಲಿಗೇ ಓಡಿದ. ಸಿಲ್ವೆಟ್ ಕಿಟಕಿಯಲ್ಲಿ ನಿಂತಳು. ಕುರ್ಚಿ ಎಳೆದು ಕೂತಳು.

"ದೋಣಿ ಹೋಗ್ತಾ ಇರೋ ಹಾಗಿದೆ," ಎಂದಳು ಮೆಲ್ಲಗೆ. "ಅದು ಅಲ್ಲೇ ಇರ್ಲಿ, ಅರ್ನೋ."

ಅರ್ನೋನ ಎದೆ ಹಪ್ಪಳದ ಹಾಗೆ ಉಬ್ಬಿತು. ಸುದ್ದಿ ಹಬ್ಬಿ ಕಟ್ಟಡದ ಅರ್ಧ ಜನ ಒದೀಲ್ ಮನೆ ಸೇರಿದರು. ಒಲೆಯಿಂದ ಪ್ಲಮ್ ಹಣ್ಣಿನ ಬಿಸಿ ಟಾರ್ಟ್ ಇಳಿಯಿತು. ಅರ್ನೋ ತನ್ನ ತುಂಡಿಗೆ ಬಾಯಿ ತೆರೆದ ಹೊತ್ತಿಗೆ ಸರಿಯಾಗಿ ಮುಸ್ಸಂಜೆಯಾಗಿ ಹೊಳೆ ಮಾಯವಾಯಿತು.

"ಹೋಗಿ ದೀಪ ಹಾಕಿ ಬನ್ನಿ," ಎಂದ ಬರ್ನಿಯೆ.

ಅರ್ನೋ ತಟ್ಟೆಯಿಟ್ಟು ಹೋಗಿ ದೀಪ ಹಾಕಿದ. ಆಚೆಯಿಂದ ಕೂಗು ಬಂತು: "ಗಾಜು ಹೊಳೀತಿದೆ, ಏನೂ ಕಾಣಲ್ಲ. ಮೇಜಿನ ದೀಪ ತಗೊಂಡು ಕೆಳಗಿಂದ ಹಿಡೀರಿ."

ಅವನು ಚಿತ್ರದ ಕೆಳಗೆ ಕುಕ್ಕರಗಾಲಲ್ಲಿ ಕೂತು ದೀಪ ಎತ್ತಿಹಿಡಿದ. ಆಚೆಮನೆಯಲ್ಲಿ ಚಪ್ಪಾಳೆ. ಕೈ ಜೋಮು ಹಿಡಿಯಿತು.

"ಸಿಲ್ವೆಟ್, ಇನ್ನು ಬರ್ಲಾ?"

"ಏಳ್ಬೇಡ, ನಿನ್ನ ತಲೆ ಹೊಳೇಲಿ ಕಾಣುತ್ತೆ," ಎಂದಳು ಸಿಲ್ವೆಟ್. "ಟಾರ್ಟ್ ಬಗ್ಗೆ ಯೋಚ್ನೆ ಬೇಡ. ಬರ್ನಿಯೆ ಅವರು ಅದನ್ನ ತಣ್ಣಗಾಗೋಕೆ ಬಿಡಲಿಲ್ಲ."